ಹೊಸ್ತಿಲಿನಾಚೆ ನಿಂತವನು

ಅಣ್ಣಿಗೇರಿಯು ಧಾರವಾಡ ಜಿಲ್ಲೆಗೆ ಸೇರಿದ ಊರಾದರೂ ಅಂಚೆಯ ಲೆಕ್ಕದಲ್ಲಿ ಗದುಗಿನ ಬಳಗಕ್ಕೆ ಸೇರಿದುದು. ಧಾರವಾಡದ ಪಿನ್ ಕೋಡು 580 ಎಂದು ಮೊದಲಾದರೆ ನಮ್ಮೂರಿನದು 582201. ಈ ಸಂಖ್ಯಾಕ್ರಮವನ್ನು ರೂಪಿಸಿ 1972ರ ಆಗಸ್ಟ್ 15ರಂದು ದೇಶಕ್ಕೆ ಕೊಟ್ಟ ಶ್ರೀರಾಮ ಭಿಕಾಜಿ ವೇಲಣಕರರು ಸಂಪರ್ಕ ಖಾತೆಯ ಹಿರಿಯ ಅಧಿಕಾರಿಗಳಾಗಿದ್ದಂತೆಯೇ ಸಂಸ್ಕೃತದ ಕವಿಗಳೂ ಆಗಿದ್ದರೆಂಬುದನ್ನು ನೆನೆದಾಗ, ಆರು ಅಂಕಿಗಳ ಆ ಮಿತವಾದ ರಚನೆಯಲ್ಲಿ ಛಂದಸ್ಸಿನ ಶಿಸ್ತೊಂದನ್ನು ಕಾಣುವ ಆಸೆ ನನಗಾಗುತ್ತದೆ. ಆದರೆ ಆ ಛಂದಸ್ಸು ಸಾಗುವುದು ಊರ ಅಗಸಿಯವರೆಗೆ ಮಾತ್ರ. ಅಗಸಿಯನ್ನು ದಾಟಿ ಒಳಹೊಕ್ಕ ಮೇಲೆ ಮನೆಗಳಿಗೆ ಸಂಖ್ಯೆಯಿದ್ದರೂ ಆ ಸಂಖ್ಯೆಯನ್ನು ಬಲ್ಲವರಿಲ್ಲ. ಓಣಿಗೊಂದು ಹೆಸರು, ಮನೆತನಕ್ಕೊಂದು ಅಡ್ಡಹೆಸರು, ಒಂದೇ ಅಡ್ಡಹೆಸರಿನ ನಾಲ್ಕಾರು ಮನೆಗಳು. ಹನ್ನೊಂದನೆಯ ಶತಮಾನದಿಂದ ನಿಂತಿರುವ ಅಮೃತೇಶ್ವರನ ಗುಡಿಯೊಂದೇ ಎಲ್ಲರ ವಿಳಾಸಕ್ಕೂ ಆಧಾರ. ಅದರ ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಎಂದು ಬರೆದರೆ ವಿಳಾಸ ಮುಗಿಯಿತು.

ವಿಳಾಸದ ವಿಷಯದಲ್ಲಿ ನಮ್ಮೂರಿಗೆ ಹಿರಿದಾದ ಒಂದು ಪರಂಪರೆಯೂ ಉಂಟು. ಆದಿಕವಿ ಪಂಪನ ತಾಯಿ ಅಬ್ಬಣಬ್ಬೆಯು ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ವಂಶದವಳೆಂಬುದು ನಮಗೆ ತಿಳಿದಿರುವುದು, ಕವಿಯ ತಮ್ಮನಾದ ಜಿನವಲ್ಲಭನು ಇಂದಿನ ತೆಲಂಗಾಣದಲ್ಲಿರುವ ಕುರ್ಕ್ಯಾಲದ ಬಂಡೆಗಲ್ಲಿನ ಮೇಲೆ ಅದನ್ನು ಕೆತ್ತಿಸಿಟ್ಟದ್ದರಿಂದ. ಸಾವಿರ ವರ್ಷಗಳ ದಾರಿಯನ್ನು ಸವೆಸಿಯೂ ಆ ವಿಳಾಸ ತಪ್ಪದೆ ಬಂದು ತಲುಪಿತು. ಹುಬ್ಬಳ್ಳಿಯಿಂದ ಹೊರಟ ಪೆಟ್ಟಿಗೆಯು ಗದುಗಿಗೋ ನವಲಗುಂದಕ್ಕೋ ಹೋಗಿ ಪ್ರದಕ್ಷಿಣೆ ಮುಗಿಸಿ ಬರುವುದನ್ನು ಕಂಡಾಗ, ಬಂಡೆಯ ಮೇಲೆ ಬರೆಯಿಸುವುದೇ ಲೇಸೆಂದು ತೋರದೆ ಇರದು.

ಪೆಟ್ಟಿಗೆಯನ್ನು ತರುವ ಹುಡುಗರ ಮಾತನ್ನು ಧರ್ಮಜಿಜ್ಞಾಸೆಯ ವಿಷಯವನ್ನಾಗಿ ಮಾಡುವುದೇ ಎಂದು ಕೆಲವರು ನಗಬಹುದು. ನಗಲಿ. ಹಿಂದಣವರು ಧರ್ಮದ ಸೂಕ್ಷ್ಮಗಳನ್ನು ಪರೀಕ್ಷಿಸಿದ ಸ್ಥಳಗಳಲ್ಲಿ ಯುದ್ಧಭೂಮಿಯೂ ಯಜ್ಞಶಾಲೆಯೂ ಇರುವಂತೆಯೇ ಮನೆಯ ಹೊಸ್ತಿಲೂ ಇದೆ. ಈಚಿನ ಕೆಲವು ವರ್ಷಗಳಿಂದ ನಮ್ಮ ಹೊಸ್ತಿಲಿಗೆ ನೆಂಟರಿಗಿಂತ ಹೆಚ್ಚಾಗಿ ಬರುತ್ತಿರುವವನು ಈ ಪಾರ್ಸೆಲ್ ಹುಡುಗನೇ ಆಗಿರುವುದರಿಂದ, ಆ ಪರೀಕ್ಷೆ ಈಗ ನಡೆಯಬೇಕಾದದ್ದು ಅವನ ಸಮಕ್ಷಮದಲ್ಲಿಯೇ.

ಮೊದಲು ಕೋಪದ ಮಾತು. ಗೀತೆಯ ಎರಡನೆಯ ಅಧ್ಯಾಯದಲ್ಲಿ ಭಗವಂತನು ಕ್ರೋಧದ ವಂಶಾವಳಿಯನ್ನು ಹೇಳುತ್ತಾನೆ: ವಿಷಯವನ್ನು ಎಡೆಬಿಡದೆ ಧ್ಯಾನಿಸುವವನಿಗೆ ಅದರಲ್ಲಿ ಸಂಗವುಂಟಾಗುತ್ತದೆ, ಸಂಗದಿಂದ ಕಾಮ, ಕಾಮದಿಂದ ಕ್ರೋಧ, ಅಲ್ಲಿಂದ ಮುಂದೆ ಬುದ್ಧಿನಾಶದವರೆಗೆ ಮೆಟ್ಟಿಲುಗಳು. ಹಿಂದಿನ ಕಾಲದಲ್ಲಿ ಇಂತಹ ಧ್ಯಾನಕ್ಕೆ ಅವಕಾಶ ಕಡಿಮೆಯಿತ್ತು. ಮುಂಬಯಿಯಿಂದ ಪುಸ್ತಕ ತರಿಸಿದವನು ಪತ್ರ ಬರೆದು ಹಾಕಿ ಮರೆತುಬಿಡುತ್ತಿದ್ದನು; ಟಪಾಲಿನವನು ತಂದ ದಿನವೇ ಅದು ಬರತಕ್ಕ ದಿನ. ಈಗಲೋ ಪೆಟ್ಟಿಗೆ ಎಲ್ಲಿದೆಯೆಂಬುದನ್ನು ಫೋನು ಗಳಿಗೆಗೊಮ್ಮೆ ತೋರಿಸುತ್ತದೆ. ನಾವು ಗಳಿಗೆಗೊಮ್ಮೆ ಅದನ್ನು ಒತ್ತಿ ನೋಡುತ್ತೇವೆ. ಒಂದು ಟಾರ್ಚಿಗಾಗಿ, ಒಂದು ಜೊತೆ ಚಪ್ಪಲಿಗಾಗಿ, ಯೋಗಿಗಳಿಗೂ ದುರ್ಲಭವಾದ ಏಕಾಗ್ರತೆಯನ್ನು ನಾವು ಸಾಧಿಸಿದ್ದೇವೆ. ಆ ಧ್ಯಾನದ ಕೊನೆಯಲ್ಲಿ, ಮನೆಯ ಮುಂದಣ ಕಟ್ಟೆಯ ಮೇಲೆ ಕುಳಿತಿರುವವನ ಕೈಯಲ್ಲಿಯೇ ಇರುವ ಫೋನು, ಗಿರಾಕಿ ಮನೆಯಲ್ಲಿಲ್ಲದ ಕಾರಣ ಪಾರ್ಸೆಲ್ ಹಿಂದಿರುಗಿತೆಂದು ತಿಳಿಸಿದರೆ, ಗೀತೆ ಹೇಳಿದ ಮುಂದಿನ ಮೆಟ್ಟಿಲನ್ನು ಹತ್ತದೆ ಇರುವವರು ವಿರಳ.

ನಮ್ಮ ಓಣಿಯ ಹಿರಿಯರೊಬ್ಬರಿಗೆ ಹೀಗೆಯೇ ಆಯಿತು. ಮರುದಿನ ಮಧ್ಯಾಹ್ನ ಆ ಹುಡುಗನು ಬೆನ್ನಿಗೆ ತನ್ನಷ್ಟೇ ದಪ್ಪವಾದ ಚೀಲವನ್ನೇರಿಸಿಕೊಂಡು ಬಂದು ಬೈಕನ್ನು ನಿಲ್ಲಿಸುತ್ತಲೇ ಅವರು, "ಏನಲೇ, ನಿನ್ನಿ ನಾ ಏನ್ ಮನ್ಯಾಗ ಸತ್ತ ಬಿದ್ದಿದ್ನ್ಯಾ?" ಎಂದು ಮೊದಲು ಮಾಡಿದರು. ಹುಡುಗನು ಚೀಲವನ್ನು ಇಳಿಸಿ, ಹೆಲ್ಮೆಟ್ಟನ್ನು ತೆಗೆದು, ಬೆವರನ್ನು ತೋಳಿಗೆ ಒರೆಸಿಕೊಂಡು, ಅವರ ಮಾತು ಮುಗಿಯುವವರೆಗೆ ಪೆಟ್ಟಿಗೆಗಳ ಚೀಟಿಗಳನ್ನು ಒಂದೊಂದಾಗಿ ತಿರುವಿಹಾಕುತ್ತ ಇದ್ದು, ತಲೆಯೆತ್ತದೆಯೇ ಹೇಳಿದನು: "ನಿನ್ನಿ ಲೋಡ್ ಬಂದಾಗ ಸಂಜಿ ಆರ ಹೊಡದಿತ್ರಿ ಕಾಕಾರ. ಹಂಗ ಬಿಟ್ರ ನಮ್ಮ ಮ್ಯಾಲ ಬರತೈತಿ, ಗಿರಾಕಿ ಇಲ್ಲಂತ ಹಾಕು ಅಂದ್ರು ಆಫೀಸಿನ್ಯಾಗ. ನಾ ಹಾಕಿನ್ರಿ."

ಗೀತೆಯೇ ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೊಂದು ಕರ್ಮವೂ ಸಿದ್ಧಿಸುವುದಕ್ಕೆ ಐದು ಕಾರಣಗಳನ್ನು ಹೇಳಿದೆ: ಅಧಿಷ್ಠಾನ, ಕರ್ತೃ, ಕರಣಗಳು, ನಾನಾ ವಿಧವಾದ ಚೇಷ್ಟೆಗಳು, ಐದನೆಯದಾಗಿ ದೈವ. ಹೀಗಿರುವಲ್ಲಿ ಕೇವಲ ಒಬ್ಬನನ್ನೇ ಕರ್ತೃವೆಂದು ಕಾಣುವವನು ಸರಿಯಾಗಿ ಕಾಣುವವನಲ್ಲ ಎಂಬುದು ಅದರ ಮುಂದಿನ ಮಾತು. ಆ ಶಾಸ್ತ್ರವು ಆತ್ಮನ ಅಕರ್ತೃತ್ವವನ್ನು ಸಾಧಿಸುವುದಕ್ಕೆ ಹೊರಟದ್ದೆಂಬುದನ್ನು ನಾನು ಬಲ್ಲೆ. ಆದರೆ ಮೋಕ್ಷಕ್ಕೆ ಸಲ್ಲುವ ವಿವೇಕವು ಓಣಿಯ ಜಗಳಕ್ಕೆ ಸಲ್ಲಕೂಡದೆಂದು ಎಲ್ಲಿಯೂ ಹೇಳಿಲ್ಲ. ಅಧಿಷ್ಠಾನವೆಂದರೆ ಶರೀರವೆಂದು ಶಂಕರರು ಅರ್ಥವಿಟ್ಟಿದ್ದಾರೆ: ಇಲ್ಲಿ ಅದು ಚೈತ್ರ ವೈಶಾಖಗಳ ಬಿಸಿಲಿನಲ್ಲಿ ಹಳ್ಳಿಯಿಂದ ಹಳ್ಳಿಗೆ ತಿರುಗುವ ಇಪ್ಪತ್ತರ ಆಸುಪಾಸಿನ ಒಂದು ದೇಹ. ಕರಣಗಳೆಂದರೆ ಅವನ ಸ್ವಂತದ ಬೈಕು, ಸ್ವಂತದ ಪೆಟ್ರೋಲು, ಬ್ಯಾಟರಿ ಇಳಿಯುತ್ತಿರುವ ಫೋನು. ಚೇಷ್ಟೆಗಳೆಂದರೆ ಎಲ್ಲಿಯೋ ದೂರದ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಆಯ್ದು ಹಾಕುವ, ರಾತ್ರಿಯೆಲ್ಲ ಲಾರಿ ನಡೆಸುವ, ಹುಬ್ಬಳ್ಳಿಯಲ್ಲಿ ಇಳಿಸಿ ಮತ್ತೆ ಏರಿಸುವ ಅಸಂಖ್ಯಾತ ಕೈಗಳ ಚಲನೆ. ಅವುಗಳಲ್ಲಿ ಯಾವುದೊಂದು ತಡವಾದರೂ ಸಂಜೆಯ ಆರು ಹೊಡೆಯುವುದು ನಮ್ಮೂರಿನಲ್ಲಿಯೇ.

ದೈವದ ಪಾಲು ಈ ಸೀಮೆಯಲ್ಲಿ ಸಾಮಾನ್ಯವಾದುದಲ್ಲ. ನಮ್ಮದು ಎರೆಯ ನೆಲ. ಹತ್ತಿಗೂ ಕಡಲೆಗೂ ಮೆಣಸಿನಕಾಯಿಗೂ ತಾಯಿಯಂತಿರುವ ಈ ಮಣ್ಣು, ಒಂದು ಹದ ಮಳೆಯಾಯಿತೆಂದರೆ ಗಾಲಿಗೆ ಮೆತ್ತಿ, ಮಡ್‌ಗಾರ್ಡಿನ ಒಳಗೆ ಗಟ್ಟಿಯಾಗಿ ಕೂತು, ಬೈಕನ್ನು ಇದ್ದಲ್ಲಿಯೇ ಹಿಡಿದು ನಿಲ್ಲಿಸುತ್ತದೆ. ಸವಾರನು ಇಳಿದು, ಕಡ್ಡಿಯಿಂದ ಕೆಸರನ್ನು ಕೆದರಿ ತೆಗೆದು, ಹತ್ತು ಮಾರು ಹೋಗಿ, ಮತ್ತೆ ಇಳಿಯಬೇಕು. ನವಲಗುಂದದ ಕಡೆಗೆ ಬೆಣ್ಣಿಹಳ್ಳವು ತುಂಬಿ ಬಂದ ದಿನ ಸರಕಾರದ ಬಸ್ಸುಗಳೇ ದಡದಲ್ಲಿ ನಿಲ್ಲುತ್ತವೆ. ಇದೆಲ್ಲ ಕಣ್ಣಿಗೆ ಕಾಣುವ ದೈವ. ಕಾಣದ ದೈವವೊಂದುಂಟು, ಅದು ಕಂಪನಿ. ಅದಕ್ಕೆ ಮೊರೆಯಿಟ್ಟರೆ ಅಶರೀರವಾಣಿಯೊಂದು ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ ಎಂದು ಅಪ್ಪಣೆ ಕೊಡಿಸಿ, ನಮ್ಮ ಕರೆ ತನಗೆ ಅಮೂಲ್ಯವೆಂದು ಹೇಳಿ, ಸಂಗೀತವನ್ನು ಕೇಳಿಸಿ ಅಂತರ್ಧಾನವಾಗುತ್ತದೆ. ಹೀಗೆ ಐದು ಕಾರಣಗಳಲ್ಲಿ ನಾಲ್ಕು ಕೈಗೆ ಸಿಗದವು; ಐದನೆಯವನೊಬ್ಬನು ಮಾತ್ರ ಹೆಸರು, ಮುಖ, ಫೋನ್ ನಂಬರುಗಳ ಸಮೇತ ನಮ್ಮ ಕಟ್ಟೆಯ ಕೆಳಗೆ ನಿಂತಿರುತ್ತಾನೆ. ಕೋಪವು ನ್ಯಾಯವನ್ನು ಹುಡುಕಿಕೊಂಡು ಹೋಗುವುದಿಲ್ಲ, ಹತ್ತಿರವಿರುವುದರ ಮೇಲೆ ಬೀಳುತ್ತದೆ.

ಹಾಗಾದರೆ ಅವನು ನಮಗೆ ಏನಾಗಬೇಕು? ಅತಿಥಿಯೇ? ತೈತ್ತಿರೀಯೋಪನಿಷತ್ತಿನ ಆಚಾರ್ಯನು ಮನೆಗೆ ಹೊರಟ ಶಿಷ್ಯನಿಗೆ ತಾಯಿ, ತಂದೆ, ಗುರುಗಳೊಡನೆ ಅತಿಥಿಯನ್ನೂ ದೇವರೆಂದು ಕಾಣುವಂತೆ ಬೋಧಿಸಿದನು. ಆದರೆ ಅತಿಥಿ ಯಾರೆಂಬ ಪ್ರಶ್ನೆಗೆ ಸ್ಮೃತಿಕಾರರು ಬೇಲಿ ಹಾಕುತ್ತ ಹೋದರು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಅದೇ ಗ್ರಾಮದವನನ್ನು ಅತಿಥಿಯೆಂದೆಣಿಸದೆ, ವೈಶ್ಯಶೂದ್ರರು ಬಂದರೆ ಅವರಿಗೆ ಆಳುಗಳ ಜೊತೆಯಲ್ಲಿ ಕರುಣೆಯಿಂದ ಅನ್ನವಿಡುವುದೆಂದು ವಿಧಿಸುತ್ತದೆ. ಆ ಅಳತೆಗೋಲನ್ನು ಹಿಡಿದರೆ ನಮ್ಮ ಹುಡುಗನಿಗೆ ಹೊಸ್ತಿಲಿನ ಒಳಗೆ ಎಡೆಯಿಲ್ಲ.

ಈ ಬೇಲಿಯನ್ನು ಕಿತ್ತವರು ಹನ್ನೆರಡನೆಯ ಶತಮಾನದ ಶರಣರು. ಮಡಿವಾಳ ಮಾಚಯ್ಯನ ಬಟ್ಟೆಯ ಗಂಟು, ಅಂಬಿಗರ ಚೌಡಯ್ಯನ ಹುಟ್ಟು, ನುಲಿಯ ಚಂದಯ್ಯನ ಹಗ್ಗ, ಇವೆಲ್ಲ ಅವರ ಕಣ್ಣಿಗೆ ಪೂಜಾಸಾಮಗ್ರಿಗಿಂತ ಕಡಿಮೆಯಾಗಿರಲಿಲ್ಲ. ಮೋಳಿಗೆಯ ಮಾರಯ್ಯನಂತೂ ಕಾಶ್ಮೀರದ ಅರಸುತನವನ್ನು ಬಿಟ್ಟು ಕಲ್ಯಾಣಕ್ಕೆ ಬಂದು, ಕಟ್ಟಿಗೆಯ ಹೊರೆ ಹೊತ್ತು ಮಾರಿ ಜೀವಿಸಿದನೆಂದು ಪರಂಪರೆ ಹೇಳುತ್ತದೆ. ಈ ಕಥೆಯನ್ನು ಹೇಳುವ ಪುರಾಣಿಕರು, ಹೊರೆ ಹೊತ್ತು ಬಾಗಿಲಿಗೆ ಬಂದವನು ಅರಸನೇ ಇರಬಹುದು, ಆದುದರಿಂದ ಯಾರನ್ನೂ ಹಗುರವಾಗಿ ಕಾಣಬೇಡಿರೆಂದು ಮುಗಿಸುವುದುಂಟು. ನನಗೆ ಆ ತಾತ್ಪರ್ಯ ಒಪ್ಪಿಗೆಯಾಗದು. ಕಟ್ಟಿಗೆಯವನು ಅರಸನಲ್ಲದಿದ್ದರೆ ಹಗುರವಾಗಿ ಕಾಣಬಹುದೆಂದಾಯಿತಲ್ಲ! ಮಾರಯ್ಯನ ಹಿರಿಮೆಯಿರುವುದು ಅವನು ಹಿಂದೆ ಅರಸನಾಗಿದ್ದುದರಲ್ಲಿ ಅಲ್ಲ, ಆ ಅರಸುತನಕ್ಕಿಂತ ಹೊರೆಯನ್ನು ಮೇಲೆಂದು ಎಣಿಸಿದುದರಲ್ಲಿ.

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಪಾರ್ಸೆಲ್ ಹೊರಟಿತೆಂದು ತಿಳಿಸುವ ಫೋನು ಅನೇಕ ವೇಳೆ ತರುವವನ ಹೆಸರನ್ನೂ ತೋರಿಸುತ್ತದೆ. ಹೆಸರನ್ನು ಓದಿದೊಡನೆ, ನೀರು ಕೊಡುವುದು ಯಾವ ಪಾತ್ರೆಯಲ್ಲಿ ಎಂಬ ಲೆಕ್ಕವು ಕೆಲವು ಮನಸ್ಸುಗಳಲ್ಲಿ ಈಗಲೂ ತಾನಾಗಿಯೇ ನಡೆಯುತ್ತದೆ. 2019ರಲ್ಲಿ ಜಬಲ್ಪುರದ ಗ್ರಾಹಕನೊಬ್ಬನು ಊಟ ತರುವವನ ಮತವನ್ನು ಹೆಸರಿನಿಂದ ತಿಳಿದು ಊಟವನ್ನೇ ಬೇಡವೆಂದದ್ದು ದೇಶಕ್ಕೆಲ್ಲ ಗೊತ್ತಾಯಿತು. ತಂಬಿಗೆಯನ್ನು ಒಳಗಿಟ್ಟು ಪ್ಲಾಸ್ಟಿಕ್ಕಿನ ಲೋಟವನ್ನು ಹೊರತರುವವನ ಸುದ್ದಿ ಎಲ್ಲಿಯೂ ಅಚ್ಚಾಗುವುದಿಲ್ಲ. ಬಸವಣ್ಣನವರ ಜಯಂತಿಯ ಮೆರವಣಿಗೆಯಲ್ಲಿ ಮುಂದೆ ನಡೆಯುವ ಊರುಗಳಲ್ಲಿಯೂ ಇದು ಉಂಟು.

ನೀರಿನ ಮಾತು ಬಂದಿತಾದ್ದರಿಂದ ಮತ್ತೊಂದನ್ನು ಸೇರಿಸುತ್ತೇನೆ. ಬಿಸಿಲಿನಲ್ಲಿ ಬಂದವನಿಗೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು, ಕೂಡ್ರಲು ಜಾಗ, ಊರಿನ ಸುದ್ದಿಯ ನಾಲ್ಕು ಮಾತು, ಇದು ನಮ್ಮ ಸೀಮೆಯ ಸತ್ಕಾರಕ್ರಮ. ಬಂದವನು ಎಷ್ಟು ಹೆಚ್ಚು ಹೊತ್ತು ಕುಳಿತರೆ ಅಷ್ಟು ಹೆಚ್ಚಾಗಿ ಸತ್ಕಾರವಾಯಿತೆಂದು ಅರ್ಥ. ಹಿಂದಿನ ಟಪಾಲಿನವನಿಗೆ ಅದು ಸಲ್ಲುತ್ತಿತ್ತು: ಅವನು ಕಟ್ಟೆಯ ಮೇಲೆ ಕುಳಿತು, ಓದಲು ಬಾರದ ಮುದುಕಿಗೆ ಮಗನ ಕಾಗದವನ್ನು ಓದಿ ಹೇಳಿ, ಮನಿಯಾರ್ಡರಿನ ರೂಪಾಯಿಗಳನ್ನು ಎಣಿಸಿ ಕೊಟ್ಟು, ಚಹಾ ಕುಡಿದೇ ಏಳುವವನು, ತಿಂಗಳ ಪಗಾರವೂ ಕೊನೆಗೊಂದು ಪಿಂಚಣಿಯೂ ಅವನಿಗಿದ್ದವು. ಈ ಹುಡುಗನಿಗೆ ಬಹುಮಟ್ಟಿಗೆ ಪಾರ್ಸೆಲ್ಲಿಗೆ ಇಷ್ಟೆಂಬ ಲೆಕ್ಕ. ಒಳಗಿನಿಂದ ಅಜ್ಜಿಯೊಬ್ಬಳು "ಚಾ ಇಟ್ಟೀನಿ, ತಡಿಯಪ್ಪಾ" ಎಂದು ಕೂಗಿದರೆ, "ಬ್ಯಾಡ್ರಿ ಅಮ್ಮಾರ, ಇನ್ನೂ ಭಾಳ ಅದಾವ್ರಿ" ಎನ್ನುತ್ತಲೇ ಅವನು ಬೈಕಿನ ಕಿಕ್ಕರನ್ನು ಒದ್ದಿರುತ್ತಾನೆ. ಅವನನ್ನು ಬಲವಂತದಿಂದ ಕೂಡ್ರಿಸುವುದು ಅವನ ದುಡಿಮೆಯನ್ನು ಕಸಿಯುವುದಕ್ಕೆ ಸಮಾನವಾದೀತು. ನಮ್ಮ ಔದಾರ್ಯವನ್ನು ನಾವು ಅಳೆದುಕೊಳ್ಳುತ್ತಿದ್ದುದು ಬಂದವನನ್ನು ತಡೆದು ನಿಲ್ಲಿಸುವುದರಿಂದ. ಇವನ ವಿಷಯದಲ್ಲಿ ಬೇಗ ಬಿಡುಗಡೆ ಮಾಡುವುದೇ ಉಪಚಾರ. ಫೋನಿನ ಮೊದಲನೆಯ ಗಂಟೆಗೆ ಎತ್ತುವುದು, ಕೊಡಬೇಕಾದ ಹಣವನ್ನು ಚಿಲ್ಲರೆಯ ಸಮೇತ ತೆಗೆದಿಡುವುದು, ಓಟಿಪಿಯನ್ನು ಹುಡುಕುವುದಕ್ಕಾಗಿ ಕನ್ನಡಕವನ್ನು ಹುಡುಕುತ್ತ ಅವನನ್ನು ಬಿಸಿಲಿನಲ್ಲಿ ನಿಲ್ಲಿಸದಿರುವುದು, ಇವು ಅತಿಥಿಪೂಜೆಯ ಇಂದಿನ ಷೋಡಶೋಪಚಾರಗಳಲ್ಲಿ ಕೆಲವು. (ಓಟಿಪಿಯೂ ಹೊಸದೇನಲ್ಲ. ಗುರುತಿನ ಉಂಗುರವನ್ನು ನೀರಿನಲ್ಲಿ ಕಳೆದುಕೊಂಡು ಬಂದವಳನ್ನು ದುಷ್ಯಂತನ ಅರಮನೆಯಲ್ಲಿ ಹೇಗೆ ನಡೆಸಿಕೊಂಡರೆಂಬುದನ್ನು ಕಾಳಿದಾಸನನ್ನು ಓದಿದವರು ಬಲ್ಲರು.)

ಆದುದರಿಂದ ಅವನನ್ನು ಪೂರ್ಣವಾಗಿ ಅತಿಥಿಯೆನ್ನುವುದಕ್ಕಿಂತ ದೂತನೆನ್ನುವುದು ಹೆಚ್ಚು ಹೊಂದುತ್ತದೆ. ದೂತನ ಧರ್ಮವನ್ನು ಕುರಿತು ನಮ್ಮಲ್ಲಿ ನಡೆದ ಅತ್ಯಂತ ಗಂಭೀರವಾದ ಚರ್ಚೆ ವಾಲ್ಮೀಕಿಯ ಸುಂದರಕಾಂಡದಲ್ಲಿದೆ. ಹನುಮಂತನನ್ನು ಕೊಲ್ಲಿರೆಂದು ರಾವಣನು ಆಜ್ಞೆ ಮಾಡಿದಾಗ ವಿಭೀಷಣನು ಎದ್ದು, ದೂತನು ಪರಾಧೀನನು, ಪರರ ಮಾತನ್ನು ಆಡತಕ್ಕವನು, ವಧೆಗೆ ಅರ್ಹನಲ್ಲವೆಂದು ವಾದಿಸುತ್ತಾನೆ. ಅಷ್ಟಕ್ಕೆ ನಿಲ್ಲದೆ, ದಂಡವನ್ನು ಹೂಡುವುದಾದರೆ ಇವನನ್ನು ಕಳುಹಿಸಿದವರ ಮೇಲೆ ಹೂಡೆನ್ನುತ್ತಾನೆ. ಆದರೆ ವಿಭೀಷಣನು ದೂತನನ್ನು ಸರ್ವಥಾ ದಂಡಾತೀತನನ್ನಾಗಿಯೂ ಮಾಡಲಿಲ್ಲ. ಅಂಗವೈರೂಪ್ಯ, ಚಾವಟಿಯ ಏಟು, ತಲೆಬೋಳಿಸುವುದು ಮೊದಲಾದವನ್ನು ಶಾಸ್ತ್ರಸಮ್ಮತವೆಂದು ಹೆಸರಿಸಿದನು. ರಾವಣನು ಬಾಲಕ್ಕೆ ಬೆಂಕಿ ಹಚ್ಚಿಸಿ ತೃಪ್ತನಾದನು. ದೂತನಿಗೆ ಕೊಟ್ಟ ಆ ಚಿಕ್ಕ ಶಿಕ್ಷೆಯಿಂದ ಆದುದೇನೆಂಬುದನ್ನು ಲಂಕೆಯೇ ಬಲ್ಲುದು.

ಇಂದಿನ ಗೃಹಸ್ಥನ ಕೈಯಲ್ಲಿಯೂ ಅಂತಹ ಒಂದು ಚಿಕ್ಕ ಬೆಂಕಿಯ ಕಡ್ಡಿಯನ್ನು ಕಂಪನಿಗಳು ಇಟ್ಟಿವೆ. ಅದಕ್ಕೆ ನಕ್ಷತ್ರಗಳೆಂದು ಹೆಸರು. ಐದರಲ್ಲಿ ಒಂದನ್ನು ಒತ್ತಿದರೆ ಮುಗಿಯಿತು. ತಪ್ಪು ಯಾರದೆಂದು ವಿಚಾರಿಸುವ ಸಭೆಯಿಲ್ಲ, ಎದ್ದು ನಿಲ್ಲುವ ವಿಭೀಷಣನಿಲ್ಲ. ಹಾಗೆಂದು ಗಿರಾಕಿಯು ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಸಹಿಸಬೇಕೆಂಬುದು ನನ್ನ ಮತವಲ್ಲ. ಪೆಟ್ಟಿಗೆಯನ್ನು ಪೌಳಿಯ ಮೇಲಿಂದ ಎಸೆದು ಹೋಗುವುದು, ಅಗಸಿಗೇ ಬಂದು ಒಯ್ಯಿರೆಂದು ಮುದುಕರಿಗೆ ಹೇಳುವುದು, ಇವು ಹುಡುಗನ ಸ್ವಂತ ದೋಷಗಳು. ಅವನ್ನು ಅವನಿಗೇ ಮುಖಾಮುಖಿ ಹೇಳಬೇಕು, ಹೇಳಿ ಮುಗಿಸಬೇಕು. ಕಳುಹಿಸಿದವರ ದೋಷವನ್ನು ಕಳುಹಿಸಿದವರಿಗೇ ಮುಟ್ಟಿಸಬೇಕು. ಮೇಲೆ ಹೇಳಿದ ಹಿರಿಯರಿಗೆ ಆ ದಿನ ಕಂಪನಿಯ ದೂರಿನ ನಂಬರನ್ನು ಬಾಯಿಪಾಠವಾಗಿ ಹೇಳಿ ಬರೆಸಿದವನು ಆ ಹುಡುಗನೇ. "ನಮ್ಮ ಮಾತ ಅವ್ರು ಕೇಳೂದಿಲ್ರಿ ಕಾಕಾರ, ನಿಮ್ಮದು ಕೇಳ್ತಾರ. ಲೋಡ್ ತಡಾ ಬರತೈತಿ ಅಂತ ಹೇಳ್ರಿ, ನನ್ನ ಹೆಸರ ಬ್ಯಾಡ್ರಿ." ಇವರು ಸಂಗೀತವನ್ನೆಲ್ಲ ಕೇಳಿ ಮುಗಿಸಿ, ಹೇಳಬೇಕಾದದ್ದನ್ನು ಹೇಳಿದರು. ತಪ್ಪಿನ ನಾಲ್ಕು ಪಾಲುಗಳು ಇರುವ ಕಡೆಗೆ ಸಿಟ್ಟನ್ನು ಕಳುಹಿಸುವುದು ಹೀಗೆ ತುಸು ಶ್ರಮದ ಕೆಲಸ. ಆ ಶ್ರಮವನ್ನು ವಹಿಸದವನು ಅಕ್ರೋಧಿಯಲ್ಲ, ಆಲಸಿ.

ದೂತನನ್ನು ಕಾಯುತ್ತಿದ್ದುದು ಸಜ್ಜನರ ದಾಕ್ಷಿಣ್ಯವೊಂದೇ ಅಲ್ಲ, ರಾಜಧರ್ಮ. ಇಂತಹ ದುಡಿಮೆಗಾರರಿಗಾಗಿ ಮೊದಲು ಕಾಯಿದೆ ಮಾಡಿದ ರಾಜ್ಯ ರಾಜಸ್ಥಾನ, 2023ರಲ್ಲಿ. ಕರ್ನಾಟಕವು 2025ರಲ್ಲಿ ತನ್ನ ಕಾಯಿದೆಯನ್ನು ತಂದು, ದುಡಿಮೆಗಾರನಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ನೂರಕ್ಕೆ 1ರಿಂದ 5ರವರೆಗಿನ ಶುಲ್ಕವನ್ನು ಕಂಪನಿಗಳಿಂದ ಕಲ್ಯಾಣನಿಧಿಗೆ ಕಟ್ಟಿಸುವ ಏರ್ಪಾಡು ಮಾಡಿದೆ. ಬೆಂಗಳೂರಿನಲ್ಲಿ ಬರೆದ ಈ ಅಕ್ಷರಗಳು, ಗುತ್ತಿಗೆದಾರನ ಕೈಕೆಳಗೆ ದುಡಿಯುವ ಅಣ್ಣಿಗೇರಿಯ ಹುಡುಗನ ಕೈಗೆ ಯಾವ ರೂಪದಲ್ಲಿ ಬಂದು ಮುಟ್ಟುತ್ತವೆಯೆಂಬುದನ್ನು ನೋಡಬೇಕು.

ದೂತನೊಡನೆ ಹೇಗೆ ಮಾತನಾಡಬೇಕೆಂಬುದಕ್ಕೆ ನನಗೆ ಮೇಘದೂತಕ್ಕಿಂತ ಮಿಗಿಲಾದ ಧರ್ಮಶಾಸ್ತ್ರ ಕಂಡಿಲ್ಲ. ಬೇಂದ್ರೆಯವರು ಕನ್ನಡಕ್ಕೆ ತಂದುಕೊಟ್ಟ ಆ ಕಾವ್ಯದಲ್ಲಿ ವಿರಹಿಯಾದ ಯಕ್ಷನಿಗೆ ತನ್ನ ಕೆಲಸದ ಆತುರ ಕಡಿಮೆಯಿರಲಿಲ್ಲ. ಆದರೂ ಅವನು ಮೊದಲು ಮಾಡಿದ್ದು ಕುಟಜದ ಹೂಗಳಿಂದ ಮೋಡಕ್ಕೆ ಅರ್ಘ್ಯವನ್ನಿತ್ತು ಸ್ವಾಗತವನ್ನು ಹೇಳಿದ್ದು. ಆಮೇಲೆ ದಾರಿ. ದಣಿದಾಗ ಯಾವ ಬೆಟ್ಟದ ನೆತ್ತಿಯಲ್ಲಿ ಕಾಲಿಡಬೇಕು, ಸೊರಗಿದಾಗ ಯಾವ ಹೊಳೆಯ ನೀರನ್ನು ಕುಡಿಯಬೇಕು, ಆಮ್ರಕೂಟವು ಹೇಗೆ ಶಿರಸಾ ಧರಿಸುತ್ತದೆ, ಉಜ್ಜಯಿನಿಗೆ ದಾರಿ ಬಳಸಾದರೂ ಏಕೆ ತಪ್ಪಿಸಬಾರದು, ಎಲ್ಲವನ್ನೂ ಹೇಳುತ್ತಾನೆ. ತನ್ನ ಸಂದೇಶಕ್ಕಿಂತ ಎಷ್ಟೋ ಪಾಲು ದೀರ್ಘವಾಗಿ ದೂತನ ಸುಖವನ್ನು ಚಿಂತಿಸಿದವನು ಅವನು. ಕೊನೆಗೆ ವಿಳಾಸ: ಕುಬೇರನ ಅರಮನೆಯಿಂದ ಉತ್ತರಕ್ಕೆ, ಕಾಮನಬಿಲ್ಲಿನಂತಹ ತೋರಣ, ಕೈಗೆಟಕುವ ಮಂದಾರದ ಎಳೆಯ ಗಿಡ, ಪಚ್ಚೆಯ ಮೆಟ್ಟಿಲುಗಳ ಬಾವಿ, ಬಾಗಿಲಿನ ಇಕ್ಕೆಲಗಳಲ್ಲಿ ಬರೆದ ಶಂಖಪದ್ಮಗಳು. ನಮ್ಮೂರಿನ ವಿಳಾಸಗಳೂ ಇದೇ ಜಾತಿಯವು, ಗುಡಿಯ ಹಿಂದೆ, ಬೇವಿನ ಮರದ ಎದುರಿಗೆ. ಕೊರತೆಯಿರುವುದು ಯಕ್ಷನ ತಾಳ್ಮೆಯೊಂದರಲ್ಲಿ. "ಯಾರನ್ನ ಕೇಳಿದ್ರೂ ಹೇಳ್ತಾರ, ಬಾ" ಎಂದು ಫೋನಿಟ್ಟುಬಿಡುತ್ತೇವೆ. ಮೆಣಸಿನಕಾಯಿ ಬಿಡಿಸುವ ದಿನಗಳ ಮಧ್ಯಾಹ್ನದಲ್ಲಿ ಓಣಿಯ ತುಂಬ ಬೀಗಗಳು, ಕೇಳುವುದು ಯಾರನ್ನು?

ಇನ್ನು ಹೊಸ್ತಿಲಿನಾಚೆ ಕಾದು ನಿಂತವರಲ್ಲಿ ಅಗ್ರಗಣ್ಯನಾದ ನಚಿಕೇತನನ್ನು ನೆನೆಯಬೇಕು. ತಂದೆಯು ಹಾಲು ಬತ್ತಿದ ಮುದಿ ಹಸುಗಳನ್ನು ದಾನ ಮಾಡುತ್ತಿದ್ದಾಗ, ನನ್ನನ್ನು ಯಾರಿಗೆ ಕೊಡುವೆ ಎಂದು ಹುಡುಗನು ಮರಳಿ ಮರಳಿ ಕೇಳಿದನು. ರೇಗಿದ ತಂದೆಯು ಮೃತ್ಯುವಿಗೆ ಕೊಟ್ಟೆನೆಂದನು. ಹುಡುಗನು ಹೋದನು. ಯಮನು ಮನೆಯಲ್ಲಿರಲಿಲ್ಲ. ಮೂರು ರಾತ್ರಿ ಅನ್ನವಿಲ್ಲದೆ ಆ ಬಾಗಿಲಿನಲ್ಲಿ ಕಾದದ್ದಕ್ಕಾಗಿ, ಹಿಂದಿರುಗಿ ಬಂದ ಯಮನು ಅವನಿಗೆ ನಮಸ್ಕರಿಸಿ, ರಾತ್ರಿಗೊಂದರಂತೆ ಮೂರು ವರಗಳನ್ನು ಕೊಟ್ಟನು. ಲೋಕವನ್ನೆಲ್ಲ ಕಾಯಿಸದೆ ಒಯ್ಯುವವನು, ತನ್ನ ಬಾಗಿಲಿನಲ್ಲಿ ಕಾದವನಿಗೆ ಋಣಿಯೆಂದು ಒಪ್ಪಿಕೊಂಡನು. ವ್ಯಾಖ್ಯಾನಕಾರರಿಗೆ ಎರಡನೆಯ ವರದ ಅಗ್ನಿವಿದ್ಯೆ, ಮೂರನೆಯ ವರದ ಆತ್ಮವಿದ್ಯೆಗಳ ಮೇಲೆ ಆತುರವಿರುವುದು ಸಹಜವೇ. ಮೊದಲನೆಯದನ್ನು ಅವರು ಬೇಗನೆ ದಾಟಿಬಿಡುತ್ತಾರೆ. ಏನನ್ನು ಬೇಕಾದರೂ ಕೇಳಬಹುದಾಗಿದ್ದ ಆ ಹುಡುಗನು ಮೊದಲು ಕೇಳಿದ್ದು, ಮನೆಯಲ್ಲಿರುವ ತನ್ನ ತಂದೆಯ ಕೋಪವಿಳಿದು ಮನಸ್ಸು ತಿಳಿಯಾಗಲಿ, ತಾನು ಹಿಂದಿರುಗಿದಾಗ ಅವನು ತನ್ನನ್ನು ಗುರುತಿಸಿ ಮಾತನಾಡಿಸಲಿ ಎಂಬುದನ್ನು.